ತೊಗರಿಯ ಕೀಡಿಯಲ್ಲಿ ನರಗಳ ವಿನ್ಯಾಸ

ಮಾರ್ಗಶಿರದ ಚಳಿಯಲ್ಲಿ ಕಲಬುರಗಿಯ ಖೂಬಾ ಪ್ಲಾಟಿನ ಮನೆಯ ಕಟ್ಟೆಯ ಮೇಲೆ ಕುಳಿತು ಹಸಿ ತೊಗರಿಕಾಯಿ ಸುಲಿಯುವಾಗ, ಕಾಳಿನೊಡನೆ ಹೊರಬೀಳುವ ಹಸುರು ಕೀಡಿಯನ್ನು ಕಂಡು ಮುಖ ತಿರುಗಿಸದವರು ವಿರಳ. ಕಲಬುರಗಿಯ ತೊಗರಿಗೆ ಈ ಕಾಯಿಕೊರಕವು ಪರಮಶತ್ರುವಾದುದರಿಂದ ಆ ಜುಗುಪ್ಸೆಗೆ ಕಾರಣವೂ ಉಂಟು. ಆದರೂ ಅದರ ಒಡಲಿನ ನರವಿನ್ಯಾಸವು ರಸಿಕನಾದವನು ನೋಡಲೇಬೇಕಾದ ವಸ್ತು.

ಮೊದಲು ಕೊಯ್ಯಬೇಡಿರಿ, ಮುಟ್ಟಿರಿ. ಮೈಮೇಲಿನ ಒಂದೇ ಕೂದಲಿಗೆ ಕುಂಚದ ತುದಿ ಸೋಕಿದೊಡನೆ ಕೀಡಿಯು ಎಚ್ಚರಗೊಳ್ಳುವುದು. ಆ ಕೂದಲಿನ ಬುಡದಲ್ಲಿ, ಚರ್ಮದ ಅಡಿಯಲ್ಲಿಯೇ, ಸ್ಪರ್ಶವನ್ನರಿಯುವ ಕೋಶವಿದ್ದು ತನ್ನ ತಂತುವನ್ನು ಒಳಗಿನ ನರಗಂಟಿಗೆ ಕಳುಹುತ್ತದೆ. ಸ್ನಾಯುವನ್ನು ಆಡಿಸುವ ಕೋಶವಾದರೋ ಗಂಟಿನಲ್ಲಿ ನೆಲೆಸಿ ತನ್ನ ತಂತುವನ್ನು ಹೊರಕ್ಕೆ ಚಾಚುತ್ತದೆ. ಗಿಡವನ್ನು ಅಲುಗಿಸಿದರೆ ಕೀಡಿ ಉದುರುವುದೆಂಬುದನ್ನು ಬಲ್ಲ ನಮ್ಮ ರೈತರು ಕೆಳಗೆ ತಾಡಪತ್ರಿ ಹಾಸಿ ಅವನ್ನು ಕೂಡಿಸುತ್ತಾರೆ. ಶಾಸ್ತ್ರವನ್ನೋದದೆಯೂ ಅವರು ಕೀಡಿಯ ಸ್ವಭಾವವನ್ನು ಓದಿದವರು.

ಇನ್ನು ಒಳನೋಟ. ಮಂಜುಗಡ್ಡೆಯಿಂದ ಮರವಟ್ಟ ಕೀಡಿಯನ್ನು ಮೇಣದ ತಟ್ಟೆಯಲ್ಲಿ ಬೆನ್ನು ಮೇಲಾಗಿ ಮಲಗಿಸಿ, ಉಪ್ಪುನೀರಿನಲ್ಲಿ ಬೆನ್ನು ಸೀಳಿ, ಕರುಳನ್ನು ಸರಿಸಿದರೆ, ಹೊಟ್ಟೆಯ ಕಡೆಗೆ ಗಂಟುಗಂಟಾದ ನರರಜ್ಜು ಮಲಗಿರುವುದು. ಹೊಸಬರು ಇಲ್ಲಿಯೇ ಮೋಸಹೋಗುತ್ತಾರೆ: ಬೆಳ್ಳಿಯಂತೆ ಹೊಳೆಯುವುದು ಗಾಳಿ ತುಂಬಿದ ಶ್ವಾಸನಾಳ, ನರದ ಬಿಳುಪು ಮಂಕಾದುದು. ಮೆಥಿಲೀನ್ ನೀಲಿಯ ಬಣ್ಣವನ್ನು ಹನಿಸಿ ತಾಳ್ಮೆಯಿಂದ ಕಾದರೆ ಸಣ್ಣ ಕವಲುಗಳೂ ಮೂಡುವುವು.

ಉದರದ ಬಹುತೇಕ ಗಂಟುಗಳಿಂದ ಎಡಬಲಗಳಿಗೆ ಎರಡೆರಡು ಮುಖ್ಯ ನರಗಳು ಹೊರಡುತ್ತವೆ. ಒಂದು ಪಾರ್ಶ್ವವನ್ನು ಬಳಸಿ ಬೆನ್ನಿನ ಸ್ನಾಯುಗಳಿಗೆ ಏರುವುದು, ಇನ್ನೊಂದು ಕೆಳಗಿನ ಸ್ನಾಯುಗಳಿಗೂ ಹುಸಿಗಾಲುಗಳಿಗೂ ಹರಿಯುವುದು. ಇವೆರಡಕ್ಕೂ ಮಿಗಿಲಾಗಿ ನನಗೆ ಪ್ರಿಯವಾದುದು ಮಧ್ಯದ ಒಂಟಿ ನರ: ಜೋಡಿಯಿಲ್ಲದೆ ಹೊರಟು, ಮುಂದೆ ಇಬ್ಭಾಗವಾಗಿ, ಎರಡು ಮಗ್ಗುಲಿನ ಉಸಿರುರಂಧ್ರಗಳ ಕದವನ್ನು ಮುಚ್ಚುವ ಸ್ನಾಯುಗಳನ್ನು ಅದು ಸೇರುತ್ತದೆ. ಇಷ್ಟು ಮಿತವ್ಯಯದ, ಇಷ್ಟು ನಿರ್ದುಷ್ಟವಾದ ರೇಖೆಯನ್ನು ನಾನು ಬೇರೆಡೆ ಕಂಡಿಲ್ಲ.

ಇಂಥ ಒಳನೋಟ ಹೊಸದಲ್ಲ: ಇಟಲಿಯ ಮಾಲ್ಪೀಘಿಯು 1669ರಲ್ಲಿ ರೇಷ್ಮೆಹುಳುವಿನ ಒಳಾಂಗಗಳನ್ನು ವರ್ಣಿಸಿದನು. ಹಾಲೆಂಡಿನ ಲಿಯೊನೆಯು ಮರಕೊರಕ ಹುಳುವೊಂದರ ಸ್ನಾಯು ನರಗಳನ್ನು ಸ್ವಹಸ್ತದಿಂದ ಫಲಕಗಳಲ್ಲಿ ಕೊರೆದು 1760ರಲ್ಲಿ ಪ್ರಕಟಿಸಿದನು. ಅಷ್ಟು ನಿಮ್ಮಿಂದಾಗದು, ಆಗಬೇಕಾದುದೂ ಇಲ್ಲ. ಈ ಸಲ ಕಾಯಿ ಸುಲಿಯುವಾಗ ಸಿಕ್ಕಿದ ಒಂದು ಕೀಡಿಯನ್ನು ಎಲೆಯ ಮೇಲಿಟ್ಟು, ಭೂತಗನ್ನಡಿ ಹಿಡಿದು, ಕೂದಲೊಂದನ್ನು ಮೆಲ್ಲನೆ ಮುಟ್ಟಿ ನೋಡಿರಿ.