ಸಾವಿರ ಅಡಿಗೆ ಎರಡು ಡಿಗ್ರಿ: ಸೂತ್ರ ಮತ್ತು ಅದರ ಮಿತಿ

ವಿಮಾನ ಚಾಲಕರ ಪರವಾನಗಿಗಾಗಿ ಡಿಜಿಸಿಎ ನಡೆಸುವ ಲಿಖಿತ ಪರೀಕ್ಷೆಗೆ ಓದುತ್ತಿದ್ದ ವಿಜಯನಗರದ ಹುಡುಗನೊಬ್ಬ ತನ್ನ ತರಬೇತಿ ಟಿಪ್ಪಣಿಯನ್ನು ತಂದು ತೋರಿಸಿದ. ಹವಾಮಾನದ ಪಾಠದಲ್ಲಿ ಕೆಂಪು ಚೌಕಟ್ಟಿನೊಳಗೆ ಒಂದೇ ಸಾಲು: 15ರಿಂದ, ಪ್ರತಿ ಸಾವಿರ ಅಡಿಗೆ 2ರಂತೆ ಕಳೆಯಿರಿ, ಬರುವುದೇ ಪ್ರಮಾಣಿತ ಉಷ್ಣತೆ. ಯಾವ ಎತ್ತರ, ಎಲ್ಲಿಯವರೆಗೆ, ಏಕೆ ಎಂಬ ಮಾತೇ ಇಲ್ಲ. ಅಂಕ ಗಳಿಸಲು ಇಷ್ಟು ಸಾಕಾದೀತು. ವಿಮಾನ ಹಾರಿಸಲು ಸಾಲದು.

ಮೊದಲು, ಯಾವ ಎತ್ತರ? ಆಲ್ಟಿಮೀಟರ್ ಅಳೆಯುವುದು ಗಾಳಿಯ ಒತ್ತಡವನ್ನು. ಎತ್ತರ ಎಂಬುದು ಅದರ ಮುಖದ ಮೇಲಿನ ಅಂಕಿ ಮಾತ್ರ. ಅದನ್ನು 1013.25 ಹೆಕ್ಟೊಪಾಸ್ಕಲ್‌ಗೆ ಹೊಂದಿಸಿದಾಗ ತೋರುವುದೇ ಒತ್ತಡ ಎತ್ತರ. ಜಕ್ಕೂರಿನ ವಿಮಾನ ತರಬೇತಿ ಮೈದಾನ ಸಮುದ್ರ ಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಒಂದು ದಿನ ಅಲ್ಲಿ ಸಮುದ್ರ ಮಟ್ಟಕ್ಕೆ ಇಳಿಸಿದ ಒತ್ತಡ, ಅಂದರೆ ಕ್ಯೂಎನ್‌ಎಚ್, 1008 ಎನ್ನೋಣ. ಕೊರತೆ 5 ಹೆಕ್ಟೊಪಾಸ್ಕಲ್. ಒಂದಕ್ಕೆ ಸುಮಾರು 30 ಅಡಿಯಂತೆ 150 ಅಡಿ ಕೂಡಿಸಿದರೆ ಒತ್ತಡ ಎತ್ತರ 3,150 ಅಡಿ. ಪ್ರಮಾಣಿತ ಉಷ್ಣತೆ 9 ಅಲ್ಲ, 8.7 ಡಿಗ್ರಿ ಸೆಲ್ಸಿಯಸ್. ವ್ಯತ್ಯಾಸ ಅಲ್ಪ, ಒಪ್ಪಿದೆ. ಆದರೆ 150 ಅನ್ನು ಕೂಡಬೇಕೋ ಕಳೆಯಬೇಕೋ ಎಂದು ಕೇಳಿದಾಗ ಹುಡುಗ ತಡವರಿಸಿದ. ಒತ್ತಡ ಕಡಿಮೆಯಾದರೆ ನಾವು ಮೇಲೇರಿದಂತೆ ಎಂಬ ಒಂದು ವಾಕ್ಯ ಟಿಪ್ಪಣಿಯಲ್ಲಿ ಇದ್ದಿದ್ದರೆ ಸಾಕಿತ್ತು.

ಎರಡನೆಯದು ಮಿತಿ. ಪ್ರಮಾಣಿತ ವಾಯುಮಂಡಲದಲ್ಲಿ ಕಿಲೋಮೀಟರಿಗೆ 6.5 ಡಿಗ್ರಿ, ಅಂದರೆ ಸಾವಿರ ಅಡಿಗೆ 1.98 ಡಿಗ್ರಿ ಇಳಿಕೆ 11 ಕಿಲೋಮೀಟರಿಗೆ (36,089 ಅಡಿ) ನಿಲ್ಲುತ್ತದೆ. ಅಲ್ಲಿಂದ 20 ಕಿಲೋಮೀಟರಿನವರೆಗೆ ಉಷ್ಣತೆ ಮೈನಸ್ 56.5ರಲ್ಲೇ ಇರುತ್ತದೆ. ಕೆಂಪು ಚೌಕಟ್ಟನ್ನು ನಂಬಿ 41,000 ಅಡಿಗೆ ಲೆಕ್ಕ ಹಾಕಿದರೆ ಮೈನಸ್ 67 ಬರುತ್ತದೆ.

ನನ್ನ ಮುಖ್ಯ ಆಕ್ಷೇಪ ಬೇರೆ. 'ಪ್ರಮಾಣಿತ' ಎಂದರೆ 'ಸಾಮಾನ್ಯ' ಎಂದು ವಿದ್ಯಾರ್ಥಿಗಳು ತಿಳಿಯುತ್ತಾರೆ. ಬೆಂಗಳೂರಿನ ಎತ್ತರಕ್ಕೆ ಪ್ರಮಾಣಿತ ಉಷ್ಣತೆ 9 ಡಿಗ್ರಿ. ಈ ಊರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆಯೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ! ಮಧ್ಯ ಅಕ್ಷಾಂಶಗಳ ಸರಾಸರಿಯಿಂದ ಹುಟ್ಟಿದ ಮಾದರಿ ಇದು. 13 ಡಿಗ್ರಿ ಅಕ್ಷಾಂಶದ ನಮ್ಮ ಗಾಳಿಗೆ ಹೊಂದಬೇಕಿಲ್ಲ. ಹಾಗೆಂದು ಮಾದರಿ ತಪ್ಪಲ್ಲ, ಅದು ಅಳತೆಗೋಲು. ಎಲ್ಲ ವಿಮಾನಗಳೂ ಒಂದೇ ಕೋಲಿನಿಂದ ಅಳೆದರೆ ಅವುಗಳ ನಡುವಿನ ಅಂತರ ಕೆಡುವುದಿಲ್ಲ.

ಕೋಲಿಗೂ ವಾಸ್ತವಕ್ಕೂ ಇರುವ ಅಂತರವೇ ಚಾಲಕನಿಗೆ ಬೇಕಾದ ಸಂಖ್ಯೆ. ಏಪ್ರಿಲ್ ಮಧ್ಯಾಹ್ನ 34 ಡಿಗ್ರಿ ಇದ್ದು, ಒತ್ತಡ ಎತ್ತರ 3,000 ಅಡಿ ಆಗಿದ್ದರೆ ಅಂತರ 25. ಡಿಗ್ರಿಗೆ ಸುಮಾರು 120 ಅಡಿಯಂತೆ 3,000 ಅಡಿ ಸೇರಿ ಸಾಂದ್ರತೆಯ ಎತ್ತರ 6,000 ಅಡಿ. ಮುಳ್ಳಯ್ಯನಗಿರಿಯ ಶಿಖರ ಸುಮಾರು 6,300 ಅಡಿ. ರನ್‌ವೇ ಜಕ್ಕೂರಿನದೇ, ರೆಕ್ಕೆ ಮತ್ತು ಎಂಜಿನ್‌ಗೆ ಸಿಗುವ ಗಾಳಿ ಮಾತ್ರ ಆ ಶಿಖರದ ಹತ್ತಿರದ್ದು. ಓಟ ಉದ್ದವಾಗುತ್ತದೆ, ಏರಿಕೆ ನಿಧಾನವಾಗುತ್ತದೆ. ಟಿಪ್ಪಣಿಯಲ್ಲಿ ಈ ಲೆಕ್ಕ ಹನ್ನೆರಡು ಪುಟಗಳ ನಂತರ, ಬೇರೊಂದು ವಿಷಯವೆಂಬಂತೆ ಬಂದಿದೆ.

ಕಾಲೇಜು ಅಧ್ಯಾಪಕರು ಇದನ್ನು ತಾರಸಿಯಲ್ಲೇ ಮಾಡಿಸಬಹುದು. ಒತ್ತಡ ಸಂವೇದಕವಿರುವ ಮೊಬೈಲ್ ರಾಜಾಜಿನಗರದಲ್ಲಿ 910 ಹೆಕ್ಟೊಪಾಸ್ಕಲ್ ತೋರಿಸಿತೆನ್ನಿ. ಅದನ್ನು 1013.25ರಿಂದ ಭಾಗಿಸಿ, 0.1903 ಘಾತಕ್ಕೇರಿಸಿ, 288.15ರಿಂದ ಗುಣಿಸಿದರೆ 282.3 ಕೆಲ್ವಿನ್, ಅಂದರೆ ಸುಮಾರು 9.2 ಡಿಗ್ರಿ. ಪಕ್ಕದಲ್ಲಿ, ನೆರಳಿನಲ್ಲಿ, ಒಂದು ಉಷ್ಣತಾಮಾಪಕ ತೂಗುಹಾಕಿರಲಿ.