ಹಕ್ಕೋ, ಖೈರಾತೋ?

ಅಮಿತಾವ್ ಘೋಷ್ ಅವರ 'ದಿ ಗ್ರೇಟ್ ಡಿರೇಂಜ್‌ಮೆಂಟ್' (2016) ಓದಿದ್ದೀರಾ? ಹವಾಮಾನ ಬದಲಾವಣೆ ಅಂದ ಕೂಡಲೇ ಬರೀ ಅಂಕಿಅಂಶ ಅಂತ ಹಿಂದೆ ಸರಿಯಬೇಡಿ. ಕತೆ, ಚರಿತ್ರೆ, ರಾಜಕೀಯ ಎಂಬ ಮೂರು ಭಾಗಗಳಲ್ಲಿ ಕೊನೆಯದನ್ನಾದರೂ ಓದಿ.

ಅಲ್ಲಿ ಘೋಷ್ 2015ರ ಎರಡು ಬರಹಗಳನ್ನು ಅಕ್ಕಪಕ್ಕ ಇಡುತ್ತಾರೆ: ಪ್ಯಾರಿಸ್ ಒಪ್ಪಂದ, ಮತ್ತು ಪೋಪ್ ಫ್ರಾನ್ಸಿಸ್ ಅವರ 'ಲೌದಾತೋ ಸಿ'. ಪೋಪ್ ಭೂಮಿಯ ಗೋಳನ್ನೂ ಬಡವರ ಗೋಳನ್ನೂ ಒಟ್ಟಿಗೇ, ಸರಳ ಮಾತಲ್ಲಿ ಹೇಳುತ್ತಾರೆ. ಒಪ್ಪಂದದ ಭಾಷೆ ಸುತ್ತಿಬಳಸುತ್ತದೆ. 'ಹವಾಮಾನ ನ್ಯಾಯ' ಎಂಬ ಮಾತು ಅದರ ಪೀಠಿಕೆಯಲ್ಲಿ ಬರುವುದು ಒಂದೇ ಸಲ. ಅದೂ ಕೆಲವರಿಗೆ ಮುಖ್ಯವಾದ ಒಂದು ಪರಿಕಲ್ಪನೆ ಎಂಬಂತೆ! ಶಬ್ದಗಳನ್ನು ಹೀಗೆ ಹಿಡಿದು ನೋಡುವುದೇ ಈ ಪುಸ್ತಕದ ಬಲ.

ನಾವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. ನಮ್ಮ ಕನ್ನಡದ 'ಹಕ್ಕು' ಅರಬಿಯ 'ಹಕ್'ನಿಂದ ಬಂದದ್ದು. 'ಖೈರಾತ್' ಬೇರೆ, ಅದು ಕೊಡುವವನ ಮರ್ಜಿ. ಪ್ಯಾರಿಸ್ ಒಪ್ಪಂದದ ಜೊತೆಗೇ ಅಂಗೀಕರಿಸಿದ ನಿರ್ಣಯ ಏನು ಹೇಳುತ್ತೆ ಗೊತ್ತಾ? ಹಾನಿ-ನಷ್ಟದ ಕಲಮು ಹೊಣೆಗಾರಿಕೆಗೂ ಪರಿಹಾರಕ್ಕೂ ಆಧಾರವಾಗುವುದಿಲ್ಲ ಅಂತ. 2022ರಲ್ಲಿ ಪಾಕಿಸ್ತಾನದ ಪ್ರವಾಹ ಸುಮಾರು 3.3 ಕೋಟಿ ಜನರನ್ನು ತಟ್ಟಿತು. ಅದೇ ವರ್ಷ ಶರ್ಮ್ ಅಲ್-ಶೇಖ್ ಸಮ್ಮೇಳನದಲ್ಲಿ ಹಾನಿ-ನಷ್ಟಕ್ಕೊಂದು ನಿಧಿ ಒಪ್ಪಿಗೆಯಾಯಿತು. ಆದರೆ ಶ್ರೀಮಂತ ದೇಶಗಳು ಅದಕ್ಕೆ ಹಣ ಕೊಡುವುದು ಸ್ವಇಚ್ಛೆಯಿಂದ. ಹೊಗೆ ಬಿಟ್ಟವರು ದಾನಿಗಳಾದರು, ಮುಳುಗಿದವರು ಕೈಚಾಚುವವರಾದರು.

ನನ್ನ ತಕರಾರು ಇರುವುದು ಪುಸ್ತಕದ ಕೊನೆಯ ಬಗ್ಗೆ. ಘೋಷ್ ಅಲ್ಲಿ ಧರ್ಮಸಂಸ್ಥೆಗಳ ಮೇಲೆ ಭರವಸೆ ಇಡುತ್ತಾರೆ: ಅವು ದೇಶಗಳ ಗಡಿ ದಾಟುತ್ತವೆ, ಮುಂದಿನ ತಲೆಮಾರುಗಳ ಬಗ್ಗೆ ಯೋಚಿಸುತ್ತವೆ ಅಂತ. ಸರಿ. 2015ರ ಆಗಸ್ಟ್‌ನಲ್ಲಿ ಇಸ್ತಾಂಬುಲ್‌ನಲ್ಲಿ ಮುಸ್ಲಿಂ ವಿದ್ವಾಂಸರೂ ಒಂದು ಘೋಷಣೆ ಹೊರಡಿಸಿದರು. ಹೊಗೆ ನಿಲ್ಲಿಸುವುದರಲ್ಲಿ ಶ್ರೀಮಂತ ದೇಶಗಳೂ ತೈಲ ದೇಶಗಳೂ ಮುಂದಾಗಬೇಕು ಎಂದರು. ಆದರೆ ನಮ್ಮ ಬಯಾನ್‌ಗಳಲ್ಲಿ ಹೆಚ್ಚಾಗಿ ಕೇಳಿಸುವುದು ವುಝೂ ಮಾಡುವಾಗ ನಲ್ಲಿ ನಿಲ್ಲಿಸಿ ಎಂಬುದಷ್ಟೇ, ಅಲ್ವಾ? ನಿಲ್ಲಿಸಬೇಕು, ನೀರು ಪೋಲು ಮಾಡುವುದು ತಪ್ಪೇ. ಹಾಗಂತ ಅದು ರಾಜಕೀಯವಲ್ಲ. ರಾಜಕೀಯ ಬರೀ ವೈಯಕ್ತಿಕ ಆತ್ಮಸಾಕ್ಷಿಯ ವಿಷಯವಾಗಿ ಕುಗ್ಗುತ್ತಿದೆ ಎಂದು ಎಚ್ಚರಿಸಿದವರು ಘೋಷ್ ಅವರೇ. ಆ ಅಪಾಯ ಧರ್ಮಸಂಸ್ಥೆಗಳಿಗೂ ಇದೆ ಎಂಬುದನ್ನು ಅವರು ಸಾಕಷ್ಟು ತೂಗಿಲ್ಲ.

ವಿದ್ಯಾರ್ಥಿಗಳಿಗೆ ಒಂದು ಮಾತು. ನಿಮ್ಮ ನಗರದ ಹವಾಮಾನ ಯೋಜನೆ ಕೈಗೆ ಸಿಕ್ಕರೆ ಕ್ರಿಯಾಪದಗಳನ್ನು ನೋಡಿ. 'ಪ್ರಯತ್ನಿಸಲಾಗುವುದು' ಎಷ್ಟು ಸಲ ಇದೆ, 'ಕೊಡಲೇಬೇಕು' ಎಷ್ಟು ಸಲ? ಅದನ್ನು ಎಣಿಸಿ, ಕಾರ್ಪೊರೇಟರ್ ಓಟು ಕೇಳೋಕೆ ಬಂದಾಗ ಮುಂದಿಡಿ.