ಮೊದಲು ಗೋಡೆಗೆ ಕನ್ನಡಿ ಹಿಡಿಯಿರಿ

ಸಂಜೆ ನಾಲ್ಕೂವರೆಯಾದರೆ ನಮ್ಮ ಹಜಾರದ ಪಶ್ಚಿಮದ ಕಿಟಕಿಯಿಂದ ಬಿಸಿಲು ಒಳಗೆ ಬರುತ್ತದೆ. ಆ ಹೊತ್ತಿಗೆ ಎದುರು ಗೋಡೆಯಲ್ಲಿದ್ದ ಅಜ್ಜಿಯ ಮುಖ ಮಾಯವಾಗುತ್ತಿತ್ತು. ಅಲ್ಲಿ ಕಾಣುತ್ತಿದ್ದದ್ದು ಕಿಟಕಿಯ ಸರಳುಗಳು, ಆಚೆ ಮನೆಯ ನೀರಿನ ಟ್ಯಾಂಕು, ಸೋಫಾದಲ್ಲಿ ಕೂತ ನಾವು. ಅಂಗೈಯಗಲದ ಹಳೆಯ ಕಪ್ಪು–ಬಿಳುಪು ಫೋಟೊವನ್ನು ಸ್ಕ್ಯಾನ್ ಮಾಡಿಸಿ ಅಕ್ರಿಲಿಕ್‌ನಲ್ಲಿ ದೊಡ್ಡದಾಗಿ ಮಾಡಿಸಿದ್ದೆ. ಅಂಗಡಿಯಲ್ಲಿ ನೋಡಿದಾಗ ತಿಳಿನೀರಿನ ಕೆಳಗಿಟ್ಟಂತೆ ಹೊಳೆಯುತ್ತಿತ್ತು. ಅಂಗಡಿಯವರು ದೀಪವನ್ನು ಚಿತ್ರಕ್ಕೆ ಹೊಂದಿಸಿ ಹಾಕಿರುತ್ತಾರೆ. ಮನೆಯ ಕಿಟಕಿ ಮಾತ್ರ ಇದ್ದಲ್ಲೇ ಇರುತ್ತದೆ.

ಕ್ಯಾನ್ವಾಸೋ ಅಕ್ರಿಲಿಕ್ಕೋ ಎಂದು ಕೇಳುವವರು ಬೆಲೆ ವಿಚಾರಿಸುತ್ತಾರೆ, ಬಾಳಿಕೆ ವಿಚಾರಿಸುತ್ತಾರೆ. ಗೋಡೆಯ ಮಾತು ಎತ್ತುವವರು ಕಡಿಮೆ. ನಾನು ಮೊದಲು ಕೇಳುವುದೇ ಅದನ್ನು: ಯಾವ ಗೋಡೆ, ಅದರೆದುರು ಏನಿದೆ?

ಮಲೆನಾಡಿನ, ಕರಾವಳಿಯ ಹಳೆಯ ಮನೆಗಳ ಜಗಲಿಯಲ್ಲಿ ಫೋಟೊ ತೂಗುಹಾಕುತ್ತಿದ್ದ ರೀತಿ ನೆನಪಿಸಿಕೊಳ್ಳಿ. ಬಾಗಿಲ ಮೇಲೆ, ತೊಲೆಯ ಹತ್ತಿರ; ಕೆಳಗಿನ ಅಂಚು ಗೋಡೆಗೆ ತಾಗಿ, ಮೇಲಿನ ಅಂಚು ದಾರದಲ್ಲಿ ಮುಂದಕ್ಕೆ ಬಾಗಿ. ಕೆಳಗೆ ನಿಂತವರಿಗೆ ಹಿರಿಯರ ಮುಖ ನೇರವಾಗಿ ಸಿಗುತ್ತಿತ್ತು. ಗಾಜಿನಲ್ಲಿ ಅಂಗಳದ ಬೆಳಕಿನ ಬದಲು ಕೆಂಪು ನೆಲದ ಮಬ್ಬು ಬೀಳುತ್ತಿತ್ತು. ಹಿಂದೆ ಗಾಳಿಯಾಡುತ್ತಿದ್ದುದರಿಂದ ಆಷಾಢದ ಥಂಡಿ ಚೌಕಟ್ಟಿಗೆ ಅಷ್ಟಾಗಿ ಹತ್ತುತ್ತಿರಲಿಲ್ಲ. ಒಂದು ಮೊಳೆ, ಒಂದು ದಾರದಲ್ಲಿ ಇಷ್ಟೆಲ್ಲ ಕೆಲಸವಾಗುತ್ತಿತ್ತು. ನಾವೀಗ ಚಿತ್ರವನ್ನು ಗೋಡೆಗೆ ಒತ್ತಿ ಕೂರಿಸುತ್ತೇವೆ. ಹಾಗಾಗಿ ಬೆಳಕಿನ ಲೆಕ್ಕವನ್ನೂ ತೇವದ ಲೆಕ್ಕವನ್ನೂ ನಾವೇ ಹಾಕಬೇಕು.

ಬೆಳಕಿನ ಲೆಕ್ಕಕ್ಕೆ ಒಂದು ಕೈಗನ್ನಡಿ ಸಾಕು. ಚಿತ್ರ ಬರುವ ಜಾಗದಲ್ಲಿ ಅದನ್ನು ಗೋಡೆಗೆ ಒತ್ತಿ ಹಿಡಿಯಲು ಮನೆಯವರೊಬ್ಬರಿಗೆ ಹೇಳಿ, ನೀವು ದಿನಾ ಕೂರುವ ಕುರ್ಚಿಯಲ್ಲಿ ಕೂತು ನೋಡಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ದೀಪ ಹಚ್ಚಿದ ಮೇಲೆ ಮತ್ತೊಮ್ಮೆ. ಕನ್ನಡಿಯಲ್ಲಿ ಕಿಟಕಿಯೋ ಟ್ಯೂಬ್‌ಲೈಟೋ ಕಂಡರೆ ಅದೇ ಅಕ್ರಿಲಿಕ್‌ನಲ್ಲೂ ಕಾಣುತ್ತದೆ. ಆ ಗೋಡೆಗೆ ಮ್ಯಾಟ್ ಲೇಪನದ ಕ್ಯಾನ್ವಾಸೇ ಸರಿ.

ಹಾಗೆಂದು ಅಕ್ರಿಲಿಕ್ ಬರೀ ಥಳಕು ಎಂದುಕೊಳ್ಳಬೇಡಿ. ಒಳ್ಳೆಯ ಹಾಳೆ ಬೆಳಕಿನಲ್ಲಿ ಶೇ 92ರಷ್ಟನ್ನು ದಾಟಿಸುತ್ತದೆ, ತೂಕ ಗಾಜಿನ ಅರ್ಧದಷ್ಟು. ಫೋಟೊ ಕಾಗದದ ಪ್ರಿಂಟನ್ನು ಹಾಳೆಯ ಬೆನ್ನಿಗೆ ಗುಳ್ಳೆಯಿಲ್ಲದಂತೆ ಅಂಟಿಸಿದಾಗ ಕಾಗದದ ಮೈಮೇಲೆ ಚದುರುತ್ತಿದ್ದ ಬೆಳಕು ಅಡಗುತ್ತದೆ, ಕಪ್ಪು ಗಾಢವಾಗುತ್ತದೆ, ಬಣ್ಣ ಒಳಗಿನಿಂದ ಏಳುತ್ತದೆ. ಜರ್ಮನಿಯ ಆಂಡ್ರಿಯಾಸ್ ಗುರ್ಸ್ಕಿಯ ‘ರೈನ್ 2’ ಹೀಗೆ ಅಕ್ರಿಲಿಕ್‌ಗೆ ಅಂಟಿಸಿದ ಫೋಟೊ. 2011ರಲ್ಲಿ ನ್ಯೂಯಾರ್ಕ್‌ನ ಹರಾಜಿನಲ್ಲಿ ಅದು 43 ಲಕ್ಷ ಡಾಲರ್‌ಗೆ ಹೋಯಿತು. ಹಾಳೆಯ ಬೆನ್ನಿಗೇ ನೇರ ಶಾಯಿ ಹಾಯಿಸಿ ಮೇಲೆ ಬಿಳಿ ಬಳಿಯುವ ಇನ್ನೊಂದು ವಿಧಾನವೂ ಇದೆ. ಕೇಳಿ ತಿಳಿದುಕೊಳ್ಳಿ. ಸೂಕ್ಷ್ಮ ವಿವರ ಬೇಕಾದವರಿಗೆ ನನ್ನ ಆಯ್ಕೆ ಅಂಟಿಸಿದ್ದೇ. ರಾತ್ರಿ ಬಯಲಾಟದ ಕಿರೀಟ, ಮಳೆಗಾಲದ ಜೋಗ, ಹಬ್ಬದ ದೀಪಗಳು: ಕತ್ತಲನ್ನೋ ನೀರನ್ನೋ ಹೊತ್ತ ಇಂಥ ಚಿತ್ರಗಳಿಗೆ ಅಕ್ರಿಲಿಕ್ ಬೇಕು.

ಮನುಷ್ಯರ ಮುಖಕ್ಕೆ, ಅದರಲ್ಲೂ ಹಳೆಯ ಫೋಟೊಗಳಿಗೆ, ಕ್ಯಾನ್ವಾಸ್. ಅಜ್ಜಿಯ ಫೋಟೊದಲ್ಲಿದ್ದ ಪ್ರತಿ ಗೀರು, ಪ್ರತಿ ಕಲೆ ಅಕ್ರಿಲಿಕ್‌ನಲ್ಲಿ ಎದ್ದು ಕೂತಿದ್ದವು. ಬಟ್ಟೆಯ ಎಳೆ ಅಂಥ ಕೊರತೆಯನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. 24×36 ಇಂಚಿನ ಅಕ್ರಿಲಿಕ್‌ಗೆ ಇಂಚಿಗೆ 150 ಚುಕ್ಕೆಯಾದರೂ ಬೇಕೆಂದರೆ 3600×5400 ಪಿಕ್ಸೆಲ್ ಆಗುತ್ತದೆ. ಕ್ಯಾನ್ವಾಸ್ ಇಂಚಿಗೆ ನೂರರಲ್ಲೂ ಒಪ್ಪವಾಗಿರುತ್ತದೆ. ವಾಟ್ಸಾಪ್‌ನಲ್ಲಿ ಕುಗ್ಗಿ ಬಂದ ಫೋಟೊ ಎರಡಕ್ಕೂ ಸಾಲದು. ತೆಗೆದವರ ಫೋನಿನಿಂದ ಮೂಲ ಫೈಲನ್ನೇ ತರಿಸಿಕೊಳ್ಳಿ.

ಕ್ಯಾನ್ವಾಸನ್ನು ಮರದ ಪಟ್ಟಿಗಳ ಪಕ್ಕಕ್ಕೆ ಮಡಚಿ ಹಿಂದೆ ಪಿನ್ ಹೊಡೆಯುತ್ತಾರೆ. ಪಟ್ಟಿ ದಪ್ಪವಾಗಿದ್ದರೆ ನಾಲ್ಕೂ ಕಡೆ ಒಂದೂವರೆ ಇಂಚು ಚಿತ್ರ ಮಡಿಕೆಗೆ ಹೋಗುತ್ತದೆ. ಅಂಚಿನಲ್ಲಿ ನಿಂತ ಚಿಕ್ಕಪ್ಪನ ಭುಜ ಗೋಡೆಯ ಬದಿಗೆ ತಿರುಗಿಬಿಡುತ್ತದೆ. ಅಂಚುಗಳನ್ನು ಬಿಳಿಯಾಗಿಯೋ ಬೇರೆ ಬಣ್ಣದಲ್ಲೋ ಬಿಡಲು ಮೊದಲೇ ಹೇಳಿ. ಮೇಲೆ ಬ್ರಷ್ಷಿನ ಗೆರೆಯಂತೆ ಜೆಲ್ ಬಳಿದು ತೈಲಚಿತ್ರದ ವೇಷ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಚಿತ್ರಗಳ ಹತ್ತಿರ ನಿಂತು ನೋಡಿದವರಿಗೆ ಕೈಯಿಂದ ಹಚ್ಚಿದ ಬಣ್ಣ ಎಂದರೇನೆಂದು ಗೊತ್ತಿರುತ್ತದೆ. ಫೋಟೊ ಫೋಟೊವಾಗಿಯೇ ಇರಲಿ.

ಇನ್ನು ತೇವ. ಮಳೆ ಹೊಡೆಯುವ ಹೊರಗೋಡೆಗೆ ಕ್ಯಾನ್ವಾಸ್ ಹಾಕಿದರೆ ಶ್ರಾವಣದ ಹೊತ್ತಿಗೆ ಬೆನ್ನಿಗೆ ಬೂಷ್ಟು ಹಿಡಿಯುತ್ತದೆ, ಮರ ತಿರುಚಿಕೊಂಡು ಬಟ್ಟೆ ಸಡಿಲವಾಗುತ್ತದೆ. ಒಳಗೋಡೆ ಆರಿಸಿ, ಹಿಂದಿನ ನಾಲ್ಕು ಮೂಲೆಗೆ ಬೆಂಡಿನ ಬಿಲ್ಲೆ ಅಂಟಿಸಿ ಗಾಳಿಗೆ ದಾರಿ ಬಿಡಿ. ಅಕ್ರಿಲಿಕ್‌ಗೆ ತೇವದ ಭಯ ಕಡಿಮೆ, ಒರೆಸುವ ಕೈಯ ಭಯ ಹೆಚ್ಚು. ಒಣ ಬಟ್ಟೆಯಲ್ಲಿ ಉಜ್ಜಿದರೆ ಗೀರು ಬೀಳುತ್ತದೆ, ಮೈ ವಿದ್ಯುತ್ ಹಿಡಿದು ಇನ್ನಷ್ಟು ಧೂಳು ಎಳೆಯುತ್ತದೆ. ಅಮೋನಿಯಾ, ಆಲ್ಕೋಹಾಲ್ ಇರುವ ಗಾಜಿನ ಕ್ಲೀನರ್ ತಗುಲಿದರೆ ಕೂದಲೆಳೆಯಂಥ ಬಿರುಕು ಬಿಡಬಹುದು, ಅದನ್ನು ಸರಿಪಡಿಸುವುದು ಕಷ್ಟ. ಒದ್ದೆ ಮಾಡಿದ ಮೈಕ್ರೋಫೈಬರ್ ಬಟ್ಟೆಯಲ್ಲಿ ಮೆತ್ತಗೆ ಒರೆಸಿದರೆ ಸಾಕು.

ಅಜ್ಜಿಯ ಫೋಟೊವನ್ನು ಮತ್ತೆ ಕ್ಯಾನ್ವಾಸ್‌ನಲ್ಲಿ ಮಾಡಿಸಿದೆ. ಅದೇ ಹಜಾರ, ಅದೇ ಗೋಡೆ. ಈಗ ನಾಲ್ಕೂವರೆಯ ಬಿಸಿಲಿನಲ್ಲೂ ಅವಳ ಮೂಗುತಿ ಕಾಣುತ್ತದೆ.